ಹೊಳೆ ಬಂದಾಗ 64 ಪುಟದ ಕೈಪಿಡಿ ಯಾರೂ ತೆರೆಯಲಿಲ್ಲ, ಈಗ ಅದನ್ನು ಹೇಗೆ ತಿದ್ದೋಣ?

ಪ್ರಶ್ನೆ: ನಮ್ಮದು ಚಿಕ್ಕೋಡಿ ಭಾಗದ ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಚಿಕ್ಕ ಸ್ವಯಂಸೇವಾ ಸಂಸ್ಥೆ. ಸಿಬ್ಬಂದಿ 11 ಜನ, ಕರೆದರೆ ಬರುವ ಸ್ವಯಂಸೇವಕರು 40 ಜನ. 2018ರಲ್ಲಿ ದಾನಿಗಳೊಬ್ಬರ ನೆರವಿನಿಂದ ಇಂಗ್ಲಿಷಿನಲ್ಲಿ 64 ಪುಟದ ತುರ್ತು ಸಿದ್ಧತಾ ಕೈಪಿಡಿ ಮಾಡಿಸಿದ್ದೆವು. 2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ಅದನ್ನು ಯಾರೂ ತೆರೆಯಲಿಲ್ಲ. ಖಜಾಂಚಿ ಹೊಳೆಯ ಆಚೆ ಸಿಕ್ಕಿಬಿದ್ದರು. ಚೆಕ್ಕಿಗೆ ಎರಡನೇ ಸಹಿ ಆಗಲಿಲ್ಲ. ಎರಡು ದಿನ ಸುಮ್ನೆ ಕೂತೆವು. 2021ರಲ್ಲೂ ಹೆಚ್ಚುಕಡಿಮೆ ಇದೇ ಆಯಿತು. ಈಗ ಆಡಳಿತ ಮಂಡಳಿ ಕೈಪಿಡಿ ತಿದ್ದಿ ಅಂದಿದೆ. ಒಬ್ಬರು ಗೋದಾಮು ಕಟ್ಟಿ ಸಾಮಾನು ತುಂಬಿಸೋಣ ಅಂತಾರೆ, ಇನ್ನೊಬ್ಬರು ಬೋಟ್ ಕೊಳ್ಳೋಣ ಅಂತಾರೆ. ಮುಂಚೆಯೇ ಹೇಳಿದರೆ ಜನ ಗಾಬರಿಯಾಗುತ್ತಾರೆ ಅನ್ನೋದು ಅಧ್ಯಕ್ಷರ ಚಿಂತೆ. ಸಲಹೆಗಾರರೊಬ್ಬರು 100 ಪುಟದ ಹೊಸ ಕೈಪಿಡಿ ಬರೆದುಕೊಡುತ್ತೇನೆ ಅಂದಿದ್ದಾರೆ. ನಾವು ಎಲ್ಲಿಂದ ಶುರು ಮಾಡಬೇಕು?
— ಸಂಸ್ಥೆಯೊಂದರ ಕಾರ್ಯದರ್ಶಿ, ಬೆಳಗಾವಿ ಜಿಲ್ಲೆ

ಉತ್ತರ: ಮೇಡಂ, ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಎರಡನೇ ಸಹಿ ಆಗಲಿಲ್ಲ ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ.

ನೀವು ಕೇಳುತ್ತಿರುವುದು ಕೈಪಿಡಿ ತಿದ್ದುವುದು ಹೇಗೆ ಅಂತ. ಆದರೆ ನಿಮ್ಮನ್ನು ಕಾಡುತ್ತಿರುವುದು ಇನ್ನೊಂದು: ನೀರು ಬರುತ್ತಿದೆ ಅಂತ ಗೊತ್ತಿತ್ತು, ಜನ ಇದ್ದರು, ಬ್ಯಾಂಕಿನಲ್ಲಿ ಅಷ್ಟಿಷ್ಟು ದುಡ್ಡೂ ಇತ್ತು, ಆದರೂ ಯಾಕೆ ಕೈ ಆಡಲಿಲ್ಲ? ಪರಿಹಾರ ಕೆಲಸದಲ್ಲಿ ಇಷ್ಟು ವರ್ಷ ನಾನು ನೋಡಿದ ಸಂಸ್ಥೆಗಳಲ್ಲಿ ಹೆಚ್ಚಿನವು ಎಡವಿದ್ದು ಇದೇ ಜಾಗದಲ್ಲಿ. ಮಾಹಿತಿ ಇರುತ್ತೆ, ಮನಸ್ಸೂ ಇರುತ್ತೆ. ಈಗ ಶುರು ಮಾಡಿ, ಇಷ್ಟು ಖರ್ಚು ಮಾಡಿ ಅಂತ ಹೇಳುವ ಅಧಿಕಾರ ಯಾರಿಗೆ ಅನ್ನೋದು ಮಾತ್ರ ತೀರ್ಮಾನ ಆಗಿರುವುದಿಲ್ಲ. 64 ಪುಟ ಇದ್ದರೂ ಆ ಒಂದು ಸಾಲು ಇಲ್ಲದಿದ್ದರೆ ಏನು ಪ್ರಯೋಜನ?

ಹಾಗಾಗಿ 100 ಪುಟದ ಪ್ರಸ್ತಾಪ ಸದ್ಯಕ್ಕೆ ಬೇಡ ಅನ್ನಿ. ಸಲಹೆಗಾರರು ಕೆಟ್ಟವರು ಅಂತಲ್ಲ. ಹೊರಗಿನವರು ಬರೆದದ್ದು ಹೊರಗಿನವರ ಹತ್ತಿರವೇ ಉಳಿಯುತ್ತೆ ಅನ್ನೋದು ನಿಮಗೆ ಒಮ್ಮೆ ಅನುಭವ ಆಗಿದೆಯಲ್ಲ. ಅವರ ಸಹಾಯ ಬೇಕಿದ್ದರೆ ಸಭೆ ನಡೆಸಿಕೊಡಲು, ಅಣಕು ಅಭ್ಯಾಸ ಮಾಡಿಸಲು ಕರೆಯಿರಿ. ಬರೆಯುವ ಕೆಲಸ ನಿಮ್ಮ 11 ಜನರದ್ದೇ.

ಮೊದಲ ಕೆಲಸ, 2019ರ ಆ ಎರಡು ದಿನಗಳನ್ನು ಗಂಟೆ ಗಂಟೆಗೆ ಬಿಡಿಸಿ ಬರೆಯುವುದು. ಮೊದಲ ಫೋನ್ ಯಾರಿಗೆ ಬಂತು, ಅವರು ಯಾರಿಗೆ ಮಾಡಿದರು, ರಸ್ತೆ ಯಾವಾಗ ಬಂದ್ ಆಯಿತು, ಅಂಗಡಿಯವರು ಉದ್ದರಿ ಇಲ್ಲ ಅಂದದ್ದು ಎಷ್ಟು ಹೊತ್ತಿಗೆ. ಯಾರ ತಪ್ಪು ಅಂತ ಹುಡುಕಬೇಡಿ, ಹುಡುಕಿದರೆ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಕಾಳಜಿ ಕೇಂದ್ರದಲ್ಲಿ, ಅಂದರೆ ಸರ್ಕಾರ ತೆರೆದ ಪರಿಹಾರ ಶಿಬಿರದಲ್ಲಿ, ಮಲಗಿದ್ದ ಐದಾರು ಹೆಂಗಸರನ್ನು ಕೂರಿಸಿಕೊಂಡು, ಗಂಡಸರು ಯಾರೂ ಇಲ್ಲದ ಹಾಗೆ, ಅವರಿಗೆ ಯಾವಾಗ ಏನು ಬೇಕಿತ್ತು, ಏನು ಯಾವಾಗ ಬಂತು ಅಂತ ಕೇಳಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ತಿದ್ದಬೇಕು ಅನ್ನೋದು ತಾನಾಗಿ ಕಾಣುತ್ತೆ.

ಈಗ ನಿಮ್ಮ ಅಧ್ಯಕ್ಷರ ಚಿಂತೆಗೆ ಬರುತ್ತೇನೆ. ಮುಂಚೆ ಹೇಳಿದರೆ ಜನ ದಿಕ್ಕಾಪಾಲಾಗಿ ಓಡುತ್ತಾರೆ ಅನ್ನೋದು ಬಹಳ ಹಳೆಯ ನಂಬಿಕೆ. ವಿಪತ್ತಿನ ವೇಳೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅಂತ ದಶಕಗಳಿಂದ ಅಧ್ಯಯನ ನಡೆದಿದೆ, ಅದು ಹೇಳುವುದು ಇದರ ಉಲ್ಟಾ. ಜನ ಗಾಬರಿಯಾಗುವುದು ಅಪರೂಪ. ಅವರು ನಂಬುವುದಿಲ್ಲ, ಅದೇ ತೊಂದರೆ. ಒಬ್ಬರು ಹೇಳಿದರೆ ಇನ್ನೊಬ್ಬರನ್ನು ಕೇಳುತ್ತಾರೆ, ಪಕ್ಕದ ಮನೆಯವರು ಹೊರಟರಾ ನೋಡುತ್ತಾರೆ, ಹೊಳೆ ದಂಡೆಗೆ ಹೋಗಿ ಕಣ್ಣಾರೆ ಕಂಡು ಬರುತ್ತಾರೆ. "2005ರಲ್ಲಿ ಇಲ್ಲಿಗೆ ಬಂದಿತ್ತು, ಅದಕ್ಕಿಂತ ಮೇಲೆ ಬರಲ್ಲ" ಅನ್ನುವ ಹಿರಿಯರ ಮಾತು ನೀವೂ ಕೇಳಿರುತ್ತೀರಿ. ಹಾಗಾಗಿ ಬೇಗ ಹೇಳಬೇಕು, ಇಬ್ಬರು ಮೂವರು ಬೇರೆ ಬೇರೆ ಜನರ ಬಾಯಲ್ಲಿ ಒಂದೇ ಮಾತು ಹೇಳಿಸಬೇಕು. ಪಿಡಿಒ, ಆಶಾ ಕಾರ್ಯಕರ್ತೆ, ಗುಡಿಯ ಮೈಕು. ಮರಾಠಿ ಆಡುವ ಊರಲ್ಲಿ ಮರಾಠಿಯಲ್ಲಿ. ಮತ್ತೆ, ಎಲ್ಲಿಗೆ ಹೋಗಬೇಕು, ದನ ಎಲ್ಲಿ ಕಟ್ಟಬೇಕು ಅನ್ನೋದೂ ಅದೇ ಮಾತಿನಲ್ಲಿ ಇರಬೇಕು. ಹೋಗಿ ಅಂತ ಮಾತ್ರ ಹೇಳಿ ಎಲ್ಲಿಗೆ ಅಂತ ಹೇಳದಿದ್ದರೆ ಯಾರು ಹೋಗುತ್ತಾರೆ?

ದನದ ವಿಷಯ ನಿಮ್ಮ ಹಳೆಯ ಕೈಪಿಡಿಯಲ್ಲಿ ಇದೆಯಾ ನೋಡಿ. ಇಲ್ಲ ಅಂತಲೇ ನನ್ನ ಊಹೆ. ನಿಮ್ಮ ಭಾಗದಲ್ಲಿ ಎಮ್ಮೆ ಬಿಟ್ಟು ಮನುಷ್ಯರು ಹೊರಡುವುದಿಲ್ಲ. ಹೆಂಡತಿ ಮಕ್ಕಳನ್ನು ಟ್ರ್ಯಾಕ್ಟರ್ ಹತ್ತಿಸಿ ಗಂಡಸರು ಹಿಂದೆ ಉಳಿಯುತ್ತಾರೆ, ರಾತ್ರಿ ನೀರು ಏರಿದಾಗ ಅವರನ್ನು ಕರೆತರುವುದೇ ದೊಡ್ಡ ಕೆಲಸ ಆಗುತ್ತದೆ. ಎತ್ತರದ ಜಾಗ, ಗೂಟ, ಹಗ್ಗ, ಒಣ ಮೇವು, ಪಶು ಆಸ್ಪತ್ರೆಯ ನಂಬರು. ಹೊಸ ಕೈಪಿಡಿಯಲ್ಲಿ ದನಕ್ಕೆ ಒಂದು ಪೂರ್ತಿ ಪುಟ ಕೊಡಿ. ಎಷ್ಟೋ ಜನರನ್ನು ಉಳಿಸುವ ಪುಟ ಅದು.

ಇನ್ನು ಯಾವಾಗ ಶುರು ಮಾಡಬೇಕು ಅನ್ನೋದು. ಈ ವಿಷಯದಲ್ಲಿ ನಿಮ್ಮ ಜಾಗಕ್ಕೆ ಒಂದು ಅನುಕೂಲ ಇದೆ, ಅದನ್ನು ಪೂರ್ತಿ ಬಳಸಿಕೊಳ್ಳಿ. ಕೊಡಗಿನಲ್ಲಿ 2018ರಲ್ಲಿ, ಅಂಕೋಲಾದ ಶಿರೂರಿನಲ್ಲಿ 2024ರಲ್ಲಿ ಗುಡ್ಡ ಕುಸಿದಂತೆ ನಿಮ್ಮಲ್ಲಿ ಆಗುವುದಿಲ್ಲ. ಕೃಷ್ಣೆಯ ದೊಡ್ಡ ನೀರು ಹೇಳಿ ಬರುತ್ತೆ. ನಿಮ್ಮೂರಲ್ಲಿ ಬಿಸಿಲು ಇದ್ದರೂ ಹೊಳೆ ಏರುತ್ತಿರುತ್ತದೆ, ಯಾಕಂದರೆ ಮಳೆ ಬಿದ್ದಿರುವುದು ಮಹಾಬಳೇಶ್ವರದ ಕಡೆ, ಘಟ್ಟದಲ್ಲಿ. ಕೊಯ್ನಾ ಬಂದು ಕರಾಡದಲ್ಲಿ ಸೇರುತ್ತದೆ, ವಾರಣಾ ಸಾಂಗ್ಲಿ ಹತ್ತಿರ, ಪಂಚಗಂಗಾ ನರಸೋಬಾವಾಡಿಯಲ್ಲಿ. ಆಮೇಲೆ ರಾಜಾಪುರ ಬ್ಯಾರೇಜ್ ದಾಟಿ ನೀರು ನಮ್ಮ ಗಡಿಗೆ ಬರುತ್ತೆ, ಕಲ್ಲೋಳದ ಹತ್ತಿರ ದೂಧಗಂಗಾ ಕೂಡಿಕೊಳ್ಳುತ್ತದೆ. ಇದರ ಒಂದೊಂದು ಹಂತದಲ್ಲೂ ಅಳತೆ ಇದೆ. ಸಾಂಗ್ಲಿಯ ಐರ್ವಿನ್ ಸೇತುವೆಯಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ (ಹೊಳೆಗೆ ಅಡ್ಡ ಕಟ್ಟಿದ ಒಡ್ಡು) 39 ಮತ್ತು 43 ಅಡಿ. ರಾಜಾಪುರದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನೋದು ಮಳೆಗಾಲದಲ್ಲಿ ದಿನಾ ಪೇಪರಿನಲ್ಲೇ ಬರುತ್ತದೆ.

ಹಳೆಯ ಕೈಪಿಡಿಯಲ್ಲಿ "ಪರಿಸ್ಥಿತಿ ಗಂಭೀರವಾದಾಗ ಕ್ರಮ ಕೈಗೊಳ್ಳುವುದು" ಅಂತ ಇದ್ದರೆ ಆ ಸಾಲನ್ನು ಹೊಡೆದು ಹಾಕಿ. ಗಂಭೀರ ಅಂದರೆ ಎಷ್ಟು? ಅದರ ಬದಲು ಅಂಕಿ ಬರೆಯಿರಿ. ಸಾಂಗ್ಲಿಯಲ್ಲಿ 35 ಅಡಿ ದಾಟಿ ಇನ್ನೂ ಏರುತ್ತಿದ್ದರೆ ಫೋನ್ ಸರಪಳಿ ಶುರು, ಅಂದರೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಸುದ್ದಿ ದಾಟಿಸುತ್ತಾ ಹೋಗುವುದು. 40 ಮುಟ್ಟಿದರೆ ಸಿಬ್ಬಂದಿ ತಮ್ಮ ತಮ್ಮ ದಂಡೆಗೆ, ಅಂಗಡಿಯವರಿಗೆ ಸಾಮಾನು ಕಟ್ಟಿಡಲು ಹೇಳಬೇಕು, ಮೀಸಲು ಹಣದ ಮೊದಲ ಕಂತು ಬಿಡುಗಡೆ. ಈ 35, 40 ನಾನು ಉದಾಹರಣೆಗೆ ಹೇಳಿದ್ದು. ನಿಮಗೆ ಸರಿಹೊಂದುವ ಅಂಕಿ 2019 ಮತ್ತು 2021ರ ನಿಮ್ಮದೇ ಲೆಕ್ಕದಿಂದ ಬರಬೇಕು: ಅಲ್ಲಿ ಇಷ್ಟು ಆದ ಮೇಲೆ ನಿಮ್ಮ ಕಲ್ಲೋಳ-ಯಡೂರ ಸೇತುವೆ ಎಷ್ಟು ಗಂಟೆಯಲ್ಲಿ ಮುಳುಗಿತು ಅಂತ. ಹಳೆಯ ಪೇಪರು, ಹುಡುಗರ ಫೋನಿನ ಫೋಟೋಗಳ ಸಮಯ, ಎರಡನ್ನೂ ಕೂಡಿಸಿದರೆ ಸಿಗುತ್ತದೆ. ಜೊತೆಗೆ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿ, ಹವಾಮಾನ ಇಲಾಖೆಯ ಆರೆಂಜ್, ರೆಡ್ ಅಲರ್ಟ್. ರೆಡ್ ಅಲರ್ಟ್ ಬೆಳಗಾವಿಗೆ ಇಲ್ಲದೆ ಸಾತಾರಾ, ಕೊಲ್ಹಾಪುರಕ್ಕೆ ಇದ್ದರೂ ಅದು ನಿಮ್ಮ ಪಾಲಿನ ಅಲರ್ಟೇ.

ಇದರಲ್ಲಿ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಕೆಲವು ವರ್ಷ ಅಂಕಿ ಮುಟ್ಟಿದರೂ ನೀರು ಊರೊಳಗೆ ಬರುವುದಿಲ್ಲ. ಖರ್ಚಾಗಿರುತ್ತದೆ, ಮಂಡಳಿಯಲ್ಲಿ ಯಾರೋ ಒಬ್ಬರು ಸುಮ್ನೆ ದುಡ್ಡು ಹಾಳು ಮಾಡಿದಿರಿ ಅನ್ನುತ್ತಾರೆ. ಅದಕ್ಕೇ ಮೊದಲ ಹಂತದ ಕೆಲಸಗಳು ಕಡಿಮೆ ಖರ್ಚಿನವು ಇರಲಿ, ಮತ್ತು ಐದು ವರ್ಷದಲ್ಲಿ ಒಂದೆರಡು ಸಲ ಹೀಗೆ ಆಗೇ ಆಗುತ್ತೆ ಅಂತ ಮಂಡಳಿಯ ನಿರ್ಣಯದಲ್ಲೇ ಬರೆಸಿ. ನಿರ್ಣಯ ಪುಸ್ತಕದಲ್ಲಿ ಇದ್ದರೆ ಕಾರ್ಯದರ್ಶಿಗೆ ಧೈರ್ಯ ಇರುತ್ತದೆ.

ಅದೇ ನಿರ್ಣಯದಲ್ಲಿ ಸಹಿಯ ವಿಷಯವನ್ನೂ ಬಗೆಹರಿಸಿ. ನಾಲ್ಕು ಜನರಿಗೆ ಸಹಿ ಅಧಿಕಾರ, ಅವರಲ್ಲಿ ಯಾರಾದರೂ ಇಬ್ಬರು ಸಾಕು, ಇಬ್ಬರು ಹೊಳೆಯ ಈಚೆ, ಇಬ್ಬರು ಆಚೆ ಇರುವವರು. ಮೀಸಲು ನಿಧಿಗೆ ಬೇರೆ ಖಾತೆ. ಅಂಕಿ ಮುಟ್ಟಿದ ದಿನ ಸ್ಥಳದಲ್ಲಿರುವ ಹಿರಿಯ ಸಿಬ್ಬಂದಿ ಯಾರನ್ನೂ ಕೇಳದೆ ಇಂತಿಷ್ಟು ಖರ್ಚು ಮಾಡಬಹುದು, ಏಳು ದಿನದಲ್ಲಿ ಲೆಕ್ಕ ಕೊಡಬೇಕು ಅಂತ ಮೊತ್ತ ಸಮೇತ ಬರೆಯಿರಿ. ದುರುಪಯೋಗ ಆದರೆ ಅನ್ನುವ ಭಯ ಸಹಜ. ಅದಕ್ಕೆ ಮಿತಿ ಚಿಕ್ಕದಿರಲಿ, ರಸೀದಿಯ ಫೋಟೋ ಅವತ್ತೇ ಗುಂಪಿಗೆ ಬರಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ತಕರಾರು ಬರುತ್ತದೆ, ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ. ನಿಮ್ಮ ಆಡಿಟರನ್ನು ಈಗಲೇ ಒಂದು ಮಾತು ಕೇಳಿ.

ಕಾನೂನಿನ ಇನ್ನೊಂದು ಮಾತು. ನಿಮ್ಮ ಕೈಪಿಡಿ 2018ರದ್ದು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಯಿತು. ಅದಾದ ಮೇಲೆ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಹಳೆಯ ಕೈಪಿಡಿಗಳಲ್ಲಿ "ಸಹಭಾಗಿ ಸಂಸ್ಥೆಗಳಿಗೆ ತಕ್ಷಣ ಹಣ ಬಿಡುಗಡೆ" ಅಂತ ಒಂದು ಸಾಲು ಇರುತ್ತಿತ್ತು. ನಿಮ್ಮ ದಾನಿಗಳ ಹಣ ಹೊರದೇಶದ್ದಾದರೆ ಆ ಸಾಲು ಇವತ್ತು ನಿಮ್ಮ ನೋಂದಣಿಗೇ ಕುತ್ತು ತರಬಹುದು.

ಗೋದಾಮಿನ ಮಾತಿಗೆ ಬರೋಣ. ಸಾಮಾನು ಕೂಡಿಡುವುದೇ ಸಿದ್ಧತೆ ಅಂತ ಅನಿಸುವುದು ಸಹಜ, ಕಣ್ಣಿಗೆ ಕಾಣುತ್ತದಲ್ಲ. ಸಂಸ್ಥೆಯೊಂದರ ಗೋದಾಮಿನಲ್ಲಿ ಒಮ್ಮೆ ಬ್ಲೀಚಿಂಗ್ ಪುಡಿಯ ಚೀಲ ಬಿಚ್ಚಿಸಿದೆ. ಮೂಗಿಗೆ ಹಿಡಿದರೂ ವಾಸನೆ ಇಲ್ಲ. ಪುಡಿ ತೇವ ಹಿಡಿದು ಗಟ್ಟಿಯಾಗಿತ್ತು, ಚೀಲದ ಹೊಲಿಗೆಯ ದಾರ ಮುಟ್ಟಿದರೆ ಕೈಗೆ ಬರುತ್ತಿತ್ತು. ಒಳ್ಳೆಯ ಪುಡಿಯಲ್ಲಿ ಶೇ 33ರಷ್ಟು ಕ್ಲೋರಿನ್ ಇರಬೇಕು, ಸೆಕೆಯಲ್ಲಿ ತಿಂಗಳುಗಟ್ಟಲೆ ಬಿದ್ದರೆ ಅದು ಹಾರಿಹೋಗುತ್ತದೆ. ಆ ಪುಡಿ ಬಾವಿಗೆ ಹಾಕಿದ್ದರೆ ನೀರು ಶುದ್ಧ ಆಯಿತು ಅಂತ ನಂಬಿ ಇಡೀ ಊರು ಕುಡಿಯುತ್ತಿತ್ತು. ಸಾಮಾನಿಗಿಂತ ಸಾಮಾನಿನ ಮೇಲಿನ ಆ ನಂಬಿಕೆ ಹೆಚ್ಚು ಅಪಾಯ.

ಹಾಗಾಗಿ ಕೆಡದ, ತಕ್ಷಣ ಅಂಗಡಿಯಲ್ಲಿ ಸಿಗದ ಸಾಮಾನು ಮಾತ್ರ ನೀವು ಇಟ್ಟುಕೊಳ್ಳಿ. ತಾಡಪತ್ರಿ, ಹಗ್ಗ, ಟಾರ್ಚು, ನೀರಿನ ಕ್ಯಾನು, ಕ್ಲೋರಿನ್ ಪರೀಕ್ಷೆಯ ಕಿಟ್, ಸ್ಯಾನಿಟರಿ ಪ್ಯಾಡು. ಕ್ಲೋರಿನ್ ಮಾತ್ರೆ ಇಡುವುದಾದರೆ ಅವಧಿ ಮುಗಿಯುವ ತಾರೀಕು ಪೆಟ್ಟಿಗೆಯ ಮೇಲೆ ದಪ್ಪಗೆ ಬರೆದಿರಲಿ. ಅಕ್ಕಿ, ಬೇಳೆ, ಎಣ್ಣೆ, ಸೋಪಿಗೆ ಕಿರಾಣಿ ಸಗಟು ವ್ಯಾಪಾರಿಗಳ ಜೊತೆ ಮೇ ತಿಂಗಳಲ್ಲೇ ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿ: ಇಂಥ ದರ, ಇಷ್ಟು ಪ್ರಮಾಣ, ಉದ್ದರಿ ಇಷ್ಟು ದಿನ. ಇದರಲ್ಲೂ ಅಪಾಯ ಇದೆ. ನೀರು ಬಂದಾಗ ಅವರ ಅಂಗಡಿಯೂ ಮುಳುಗಬಹುದು, ದರ ಏರಿದಾಗ ಮಾತು ತಪ್ಪಬಹುದು. ಅದಕ್ಕೆ ಎತ್ತರದಲ್ಲಿರುವ ಅಂಗಡಿ ನೋಡಿ, ಮತ್ತು ಎರಡೂ ದಂಡೆಗಳಲ್ಲಿ ಒಬ್ಬೊಬ್ಬರು ಇರಲಿ. ಸೇತುವೆ ಮುಳುಗಿದ ದಿನ ನಿಮ್ಮ ಕಾರ್ಯಕ್ಷೇತ್ರ ಎರಡು ತುಂಡಾಗುತ್ತದೆ. ಇಡೀ ಕೈಪಿಡಿಯನ್ನು ಈ ದೃಷ್ಟಿಯಿಂದ ಒಮ್ಮೆ ಓದಿ. ಒಂದೇ ಸಂಸ್ಥೆ ಅಂತ ಬರೆಯಬೇಡಿ, ಎರಡು ದಂಡೆಗೆ ಎರಡು ತಂಡ ಅಂತ ಬರೆಯಿರಿ, ಮೂರು ದಿನ ಪರಸ್ಪರ ಭೇಟಿಯಾಗದೆ ಕೆಲಸ ನಡೆಯುವ ಹಾಗೆ.

ನೇರ ಹಣ ಕೊಡುವುದು ಇನ್ನೊಂದು ದಾರಿ. ಎರಡನೇ ವಾರದ ಹೊತ್ತಿಗೆ, ಸಂತೆ, ಅಂಗಡಿ ತೆರೆದ ಮೇಲೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. 2019ರಲ್ಲಿ ಸರ್ಕಾರ ಸಂತ್ರಸ್ತ ಕುಟುಂಬಕ್ಕೆ ತಕ್ಷಣದ ಪರಿಹಾರ ಅಂತ 10,000 ರೂಪಾಯಿ ಕೊಟ್ಟಿತು. ಆಗ ಪಾಸ್‌ಬುಕ್, ಆಧಾರ್ ನೀರುಪಾಲಾದವರು, ಬಾಡಿಗೆ ಮನೆಯವರು, ಕೂಲಿಗೆ ಬಂದು ಗುಡಿಸಲು ಹಾಕಿಕೊಂಡವರು ಪಟ್ಟಿಯಿಂದ ಹೇಗೆ ಜಾರಿಹೋಗುತ್ತಾರೆ ಅನ್ನೋದನ್ನು ನಿಮ್ಮ ಹುಡುಗರೇ ನೋಡಿರಬೇಕು. ನಿಮ್ಮ ಹಣ ಅಂಥವರಿಗೆ ಮೊದಲು ಮುಟ್ಟುವ ಹಾಗೆ ನಿಯಮ ಬರೆಯಿರಿ.

ಹಳೆಯ ಬಟ್ಟೆ ತೆಗೆದುಕೊಳ್ಳುವುದಿಲ್ಲ ಅಂತ ಮಾತ್ರ ಸ್ಪಷ್ಟವಾಗಿ ಬರೆದುಬಿಡಿ. 2004ರ ಸುನಾಮಿ ಆದ ಮೇಲೆ ತಮಿಳುನಾಡಿನ ಕರಾವಳಿಯಲ್ಲಿ ದಾನದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಅದನ್ನು ಬೇರ್ಪಡಿಸಲು ಬೇಕಾಗುವ ಕೈಗಳು ನಿಮ್ಮಲ್ಲಿ ಇಲ್ಲ.

ಬೋಟ್ ಬೇಡ. ಇದರಲ್ಲಿ ನಾನು ಗಟ್ಟಿಯಾಗಿದ್ದೇನೆ. ವರ್ಷದಲ್ಲಿ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಬಿದ್ದ ಇಂಜಿನ್ ಆ ದಿನ ಶುರು ಆಗುವುದಿಲ್ಲ, ಆದರೂ ಹುಮ್ಮಸ್ಸಿನಲ್ಲಿ ಹುಡುಗರು ಇಳಿಯುತ್ತಾರೆ. ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು. ಮೇಲೆ ಸಮ ಕಾಣುವ ನೀರಿನಡಿ ಬೇಲಿ ತಂತಿ, ಪಂಪ್‌ಸೆಟ್ ವೈರು ಇರುತ್ತೆ. ರಕ್ಷಣೆ ಅಗ್ನಿಶಾಮಕ ದಳ, ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪಡೆಗಳಾದ ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ ಕೆಲಸ. ನಿಮ್ಮ ಕೆಲಸ ಅವರಿಗೆ ಬೇಕಾದ ಮಾಹಿತಿ ಕೊಡುವುದು: ಯಾವ ತೋಟದ ಮನೆಯಲ್ಲಿ ಎಷ್ಟು ಜನ, ಅದರಲ್ಲಿ ಹಾಸಿಗೆ ಹಿಡಿದವರು ಯಾರು, ತುಂಬು ಗರ್ಭಿಣಿ ಯಾರು. ಈ ಪಟ್ಟಿ ಪ್ರತಿ ಜೂನ್‌ನಲ್ಲಿ ಹೊಸದಾಗಿ ಆಗಬೇಕು. ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಒಬ್ಬಂಟಿ ಹೆಂಗಸರ ಮನೆ ಎಲ್ಲಿದೆ ಅಂತ ಊರಿಗೆಲ್ಲ ತಿಳಿಸಿದ ಹಾಗಾಗುತ್ತೆ. ಬೋಟಿನ ದುಡ್ಡಲ್ಲಿ 40 ಸ್ವಯಂಸೇವಕರಿಗೂ ಅಪಘಾತ ವಿಮೆ, ಧನುರ್ವಾಯುವಿನ ಚುಚ್ಚುಮದ್ದು, ಗಮ್‌ಬೂಟು, ಲೈಫ್ ಜಾಕೆಟ್ ಬರುತ್ತೆ. ಇಲಿಜ್ವರದ ಮುಂಜಾಗ್ರತೆಯ ಮಾತ್ರೆ ಬೇಕಾ ಅಂತ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಮೊದಲೇ ಕೇಳಿಡಿ. ಹಾವಿನ ವಿಷಕ್ಕೆ ಔಷಧ ಎರಡೂ ದಂಡೆಯಲ್ಲಿ ಯಾವ ಆಸ್ಪತ್ರೆಯಲ್ಲಿ ಇದೆ ಅನ್ನೋದನ್ನೂ.

ಕಾಳಜಿ ಕೇಂದ್ರಕ್ಕೆ ಬಂದರೆ, ನಿಮ್ಮಂಥ ಸಂಸ್ಥೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿಯೇ. ಕೇಂದ್ರ ತೆರೆಯುವುದು ತಹಶೀಲ್ದಾರರು, ಜಿಲ್ಲೆಯ ಜವಾಬ್ದಾರಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು, 2005ರ ಕಾಯ್ದೆ ಪ್ರಕಾರ. ಸಮಾನಾಂತರವಾಗಿ ನೀವೊಂದು ಕೇಂದ್ರ ತೆರೆಯಬೇಡಿ. ಅವರ ಕೇಂದ್ರದಲ್ಲಿ ಏನು ಕಡಿಮೆ ಇದೆ ಅಂತ ಲೆಕ್ಕ ಹಾಕಿಕೊಡಿ. ಲೆಕ್ಕಕ್ಕೆ ಅಳತೆ ಬೇಕು, ಮಾನವೀಯ ನೆರವಿನಲ್ಲಿ ಜಗತ್ತಿನೆಲ್ಲೆಡೆ ಬಳಸುವ ಸ್ಫಿಯರ್ ಮಾನದಂಡ ಇದೆ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 3.5 ಚದರ ಮೀಟರ್ ಜಾಗ, ಮೊದಲ ದಿನಗಳಲ್ಲಿ 50 ಜನಕ್ಕೆ ಒಂದು ಶೌಚಾಲಯ, ಆಮೇಲೆ ಆದಷ್ಟು ಬೇಗ 20 ಜನಕ್ಕೊಂದು. ಒಂದು ಶಾಲೆ ತೆಗೆದುಕೊಳ್ಳಿ. 20 ಅಡಿಗೆ 20 ಅಡಿಯ ಕೊಠಡಿ ಸುಮಾರು 37 ಚದರ ಮೀಟರ್. ಅಂದರೆ ಹತ್ತು ಜನ. ನಿಜವಾಗಿ ಅಲ್ಲಿ ಎಷ್ಟು ಜನ ಮಲಗಿದ್ದರು ಅಂತ ನಿಮಗೆ ಗೊತ್ತು. 300 ಜನ ಬಂದರೆ ದಿನಕ್ಕೆ 4,500 ಲೀಟರ್ ನೀರು, ಮೊದಲಿಗೆ ಆರು, ಆಮೇಲೆ ಹದಿನೈದು ಶೌಚಾಲಯ. ಶಾಲೆಯಲ್ಲಿ ಇರುವುದು ಎರಡು, ಅದರಲ್ಲಿ ಒಂದಕ್ಕೆ ಬೀಗ. ಹೆಂಗಸರು ಕತ್ತಲಾಗಲಿ ಅಂತ ಕಾಯುತ್ತಾರೆ, ಅದಕ್ಕೋಸ್ಕರ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬೀಗದ ಕೈ ಯಾರ ಹತ್ತಿರ ಇದೆ, ಬಲ್ಬ್ ಇದೆಯಾ, ಒಳಗಿನಿಂದ ಚಿಲಕ ಬೀಳುತ್ತಾ ಅನ್ನೋದನ್ನು ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿ ಬರೆದಿಡಿ. ಎಲ್ಲ ಕಡೆ ಮಾನದಂಡ ಮುಟ್ಟುವುದಕ್ಕೆ ಆಗಲ್ಲ. ಎಷ್ಟು ಕಡಿಮೆ ಬೀಳುತ್ತೆ ಅಂತ ಅಂಕಿ ಸಮೇತ ಹೇಳಿದರೆ ತಹಶೀಲ್ದಾರರಿಗೂ ಮೇಲಿನವರನ್ನು ಕೇಳಲು ಸುಲಭ.

ಹಂಚಿಕೆಯಲ್ಲಿ ಯಾವ ಕೇರಿ ಬಿಟ್ಟುಹೋಗುತ್ತದೆ ಅನ್ನೋದನ್ನು ಹೆಸರು ಹೇಳಿ ಬರೆಯಿರಿ, ನಾಚಿಕೆ ಬೇಡ. ತಗ್ಗಿನಲ್ಲಿರುವ ಕೇರಿ ಮೊದಲು ಮುಳುಗುತ್ತೆ, ಅಲ್ಲಿಗೆ ಲಾರಿ ಕೊನೆಗೆ ಹೋಗುತ್ತೆ. ಹಂಚುವವರ ಮೇಲೇ ದೂರು ಇದ್ದರೆ, ಅದರಲ್ಲೂ ಹೆಂಗಸರು ಹೇಳಿಕೊಳ್ಳಬೇಕಾದ ದೂರು ಇದ್ದರೆ, ಹಂಚಿಕೆಗೆ ಸಂಬಂಧವೇ ಇಲ್ಲದ ಒಬ್ಬ ಮಹಿಳೆಯ ಫೋನ್ ನಂಬರು ಪ್ರತಿ ಕೇಂದ್ರದ ಗೋಡೆಯ ಮೇಲೆ ಇರಬೇಕು. ಸಾಮಾನು ಕೊಟ್ಟು ಫೋಟೋ ತೆಗೆಯುವ ಪದ್ಧತಿಯನ್ನು ದಾನಿಗಳು ಎಷ್ಟೇ ಕೇಳಲಿ, ನಿಲ್ಲಿಸಿ. ಚೀಲಗಳ ಫೋಟೋ, ಸಹಿ ಪಟ್ಟಿ ಸಾಕು.

ಹೊಸ ಕೈಪಿಡಿ ಎಷ್ಟು ಪುಟ ಇರಬೇಕು ಅಂದರೆ, ಎಲ್ಲರಿಗೂ ಸೇರಿ ಹತ್ತು ಹನ್ನೆರಡು ಪುಟ, ಕನ್ನಡದಲ್ಲಿ. ಅದರ ಮೇಲೆ ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಹಾಳೆ, ಲ್ಯಾಮಿನೇಟ್ ಮಾಡಿಸಿ ಅವರ ಮನೆಯಲ್ಲೇ ಇರಲಿ: ಮೊದಲ ಗಂಟೆ, ಮೊದಲ ದಿನ, ಮೊದಲ ಮೂರು ದಿನ. ಫೋನ್ ನಂಬರುಗಳು ಕಾಗದದಲ್ಲೂ ಇರಲಿ, ಕರೆಂಟ್ ಹೋದ ಎರಡನೇ ದಿನ ಮೊಬೈಲ್ ಸತ್ತಿರುತ್ತೆ. ಜಿಲ್ಲೆಯ ಸಹಾಯವಾಣಿ 1077, ರಾಜ್ಯದ್ದು 1070, ಎಲ್ಲ ತುರ್ತಿಗೂ 112. ದಾನಿಗಳಿಗೆ ದೊಡ್ಡ ದಾಖಲೆ ಬೇಕೇ ಬೇಕು ಅಂದರೆ ಅದನ್ನು ಬೇರೆಯಾಗಿ ಬರೆದುಕೊಡಿ.

ತಿದ್ದಿದ್ದು ಸರಿ ಇದೆಯಾ ಅಂತ ಗೊತ್ತಾಗುವುದು ಅಣಕು ಅಭ್ಯಾಸದಲ್ಲಿ. ಮೇ ಮಧ್ಯದಲ್ಲಿ ಒಂದು ದಿನ ಇಟ್ಟುಕೊಳ್ಳಿ, ಶಾಲೆಗೆ ರಜೆ ಇರುತ್ತೆ, ಕೊಠಡಿ ಸಿಗುತ್ತವೆ. ಬೆಳಿಗ್ಗೆ ಐದಕ್ಕೆ ಯಾರಿಗೂ ಹೇಳದೆ ಫೋನ್ ಸರಪಳಿ ಶುರು ಮಾಡಿ, ಸೇತುವೆ ಬಂದ್ ಅಂತ ಘೋಷಿಸಿ. ಖಜಾಂಚಿಯವರನ್ನು ಬೇಕಂತಲೇ ಆಚೆ ದಂಡೆಯಲ್ಲಿ ಉಳಿಸಿ, ಈಚೆ ಇರುವವರು 300 ಜನರಿಗೆ ಮಧ್ಯಾಹ್ನದೊಳಗೆ ನೀರು, ಊಟ ಹೊಂದಿಸುವುದಕ್ಕೆ ಆಗುತ್ತಾ ನೋಡಿ. ಪಿಡಿಒ ಮತ್ತು ಗ್ರಾಮ ಆಡಳಿತ ಅಧಿಕಾರಿಯನ್ನೂ ಕರೆಯಿರಿ. ಎಲ್ಲೆಲ್ಲಿ ಸಿಕ್ಕಿಕೊಂಡಿತೋ ಆ ಸಾಲುಗಳನ್ನು ಅವತ್ತು ಸಂಜೆಯೇ ತಿದ್ದಿ, ಹಳೆಯ ಹಾಳೆಗಳನ್ನು ವಾಪಸ್ ತೆಗೆದುಕೊಂಡು ಹೊಸದು ಕೊಡಿ.